ನಾಯಿ ಕಣ್ಣು, ನರಿ ಕಣ್ಣು

ನಮ್ಮ ನಾಯಿಗೆ ಒಂದು ಕೆಲಸವಿದೆ ಎಂದರೆ ಜಕ್ಕೂರಿನಲ್ಲಿ ಯಾರೂ ನಂಬುವುದಿಲ್ಲ. ಕೆರೆ ಏರಿಯ ಮೇಲೆ ಸಿಕ್ಕ ಬೀದಿ ಮರಿ ಅದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು.

"ಏನಕ್ಕಾ, ಮೇಡಂ ಡ್ಯೂಟಿಗೆ ಹೊರಟ್ರಾ?" ಎಂದು ಆಟೋದವನು ಪ್ರತಿ ವಾರ ಕೇಳುತ್ತಾನೆ.

"ನಿನ್ ಥರ ಬೇಕಾದಾಗೆಲ್ಲ ರಜಾ ಹಾಕಲ್ಲ ಇವ್ಳು, ಸುಮ್ನೆ ಓಡ್ಸಪ್ಪ" ಎನ್ನುತ್ತೇನೆ. ಹೆಬ್ಬಾಳದ ಫ್ಲೈಓವರ್ ಏರಿದ ಕೂಡಲೇ ನಮ್ಮವಳು ಮೂತಿ ಹೊರಗೆ ಹಾಕಿ ಗಾಳಿ ಕುಡಿಯುತ್ತಾಳೆ.

ಆರ್.ಟಿ. ನಗರದಲ್ಲಿ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ಒಂದು ಪುಟ್ಟ ಕೇಂದ್ರವಿದೆ. ಅಲ್ಲಿಗೆ ಬರುವ ಮಕ್ಕಳ ಜೊತೆ ಇವಳು ಸುಮ್ಮನೆ ಇರಬೇಕು, ಅಷ್ಟೇ ಕೆಲಸ. ಅದಕ್ಕೆ ತರಬೇತಿಯಾಗಿದೆ, ಪರೀಕ್ಷೆಯೂ ಆಗಿದೆ. ಬಾಲ ಎಳೆದರೂ ಗುರ್ರೆನ್ನಬಾರದು. ಇವಳು ಪಾಸಾದಳು. ನನಗೆ ಬಾಲವಿದ್ದು ಯಾರಾದರೂ ಎಳೆದಿದ್ದರೆ ನಾನು ಖಂಡಿತ ಫೇಲು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ನನಗೆ.

ಆ ಕೇಂದ್ರದ ಕೋಣೆಯನ್ನು ನೆನೆದರೆ ಈಗಲೂ ಕಣ್ಣು ಎಳೆಯುತ್ತದೆ. ಮಧ್ಯಾಹ್ನದ ಬಿಸಿಲು ಹಳದಿ ಪರದೆಯಲ್ಲಿ ಸೋಸಿ ಇಳಿಯುತ್ತಿತ್ತು. ರಸ್ತೆಯ ಹಾರ್ನು, ತಳ್ಳುಗಾಡಿಯವನ ಕೂಗು ಎಲ್ಲವೂ ನೀರಿನೊಳಗಿಂದ ಕೇಳಿದ ಹಾಗೆ ದೂರ. ಅಂಥದೊಂದು ಮಧ್ಯಾಹ್ನ ಆ ಹುಡುಗಿ ಬಂದಳು. ಮೂರನೇ ಕ್ಲಾಸು, ಎರಡು ಜಡೆ. ತಲೆ ತಗ್ಗಿಸಿಕೊಂಡೇ ಬಂದಳು, ತಗ್ಗಿಸಿಕೊಂಡೇ ಕೂತಳು. ಟೀಚರನ್ನಾಗಲಿ, ಗೆಳತಿಯರನ್ನಾಗಲಿ, ಹೆತ್ತ ಅಮ್ಮನನ್ನಾಗಲಿ ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ.

ಕಾರಣವನ್ನು ಅಮ್ಮನೇ ಹೇಳಿದಳು, ಹೊರಗಿನ ಮೆಟ್ಟಿಲ ಮೇಲೆ ಚಿಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು. ತಮ್ಮ ಹುಟ್ಟಿದಾಗ ಹುಡುಗಿ ತೊಟ್ಟಿಲು ಬಿಟ್ಟು ಕದಲುತ್ತಿರಲಿಲ್ಲವಂತೆ. ನೋಡಿದ್ದೇ ನೋಡಿದ್ದು. ನಾಮಕರಣದ ದಿನ ಯಾರೋ ನೆಂಟರು, "ಹಂಗ್ ನೋಡ್ಬೇಡ ಕಣೇ, ನಿನ್ ಕಣ್ಣೇ ಬೀಳತ್ತೆ ಮಗೂಗೆ" ಎಂದರಂತೆ. ಮಾರನೆಯ ದಿನವೇ ಮಗು ಜ್ವರ ಬಂದು ಆಸ್ಪತ್ರೆ ಸೇರಿತು. ಹುಷಾರಾಗಿ ಮನೆಗೂ ಬಂತು. ಆದರೆ ಅಕ್ಕ ಅಂದಿನಿಂದ ಅದರ ಮುಖ ನೋಡಿಲ್ಲ. ಬರಬರುತ್ತಾ ತನಗೆ ಬೇಕಾದವರ ಯಾರ ಮುಖವನ್ನೂ.

"ಈಗ ಅಂಬೆಗಾಲಿಡ್ತಾನೆ ಆಂಟಿ. ಅಕ್ಕನ ಹತ್ರಾನೇ ಹೋಗ್ತಾನೆ. ಅವ್ಳು ಗೋಡೆ ಕಡೆ ತಿರುಗಿಬಿಡ್ತಾಳೆ."

ಆ ನೆಂಟರು ಎದುರಿಗೆ ಸಿಕ್ಕಿದ್ದರೆ ಚೆನ್ನಾಗಿ ನೀರಿಳಿಸುತ್ತಿದ್ದೆ. ಬಾಯಿಗೆ ಬಂದದ್ದು ಆಡಿ, ಹೋಳಿಗೆ ಊಟ ಮಾಡಿ, ತಾಂಬೂಲ ತಗೊಂಡು ನಡೆದರು. ಹೊತ್ತುಕೊಂಡದ್ದು ಈ ಕೂಸು.

ನಮ್ಮವಳಿಗೆ ಇದ್ಯಾವುದೂ ಗೊತ್ತಿಲ್ಲ. ಹುಡುಗಿ ನೆಲ ನೋಡುತ್ತಿದ್ದಳು. ನಾಯಿ ಹೋಗಿ ಅದೇ ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡಿತು. ಹುಡುಗಿ ಕಣ್ಣು ಸರಿಸಿದಳು. ನಾಯಿ ತೆವಳಿಕೊಂಡು ಅಲ್ಲಿಗೂ ಹೋಯಿತು. ಕೇಂದ್ರದ ಕೌನ್ಸೆಲರ್ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದರು. ವಾರಗಳು ಹೀಗೇ ಸರಿದವು. ಹುಡುಗಿ ಮೊದಲು ಬಾಲ ನೋಡಿದಳು, ಆಮೇಲೆ ಪಾದ, ಆಮೇಲೆ ಉಸಿರಿಗೆ ಏರಿಳಿಯುವ ಹೊಟ್ಟೆ. ಒಮ್ಮೆ ನಾಯಿ ನಿದ್ದೆಯಲ್ಲಿ ಕಾಲಾಡಿಸಿದಾಗ "ಕನಸಲ್ಲಿ ಓಡ್ತಿದೆ" ಎಂದು ಪಿಸುಗುಟ್ಟಿದಳು. ಆಗ ನಾವೆಲ್ಲರೂ ಆ ಕನಸಿನೊಳಗೇ ಇದ್ದೆವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ: ಕೆರೆ ಏರಿ, ಒದ್ದೆ ಹುಲ್ಲು, ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ, ಅದರ ನೆರಳಿನ ಹಿಂದೆ ಸದ್ದಿಲ್ಲದೆ ಓಡುವ ನಾಯಿ.

ಕಡೆಗೊಂದು ದಿನ ಹುಡುಗಿ ನಾಯಿಯ ಮುಖ ನೋಡಿದಳು. ನಮ್ಮವಳು ಎವೆಯಿಕ್ಕದೆ ಅವಳನ್ನೇ ನೋಡುತ್ತಿದ್ದಳು, ಬಿಸ್ಕತ್ತಿಗೆ ಕಾದ ಹಾಗೆ.

ಮುಂದಿನ ವಾರವೇ ನಾಯಿ ಮಲಗಿತು. ಉಣ್ಣೆ ಹುಳ ಕಚ್ಚಿ ಬರುವ ಜ್ವರ. ಅನ್ನ ಮೂಸಲಿಲ್ಲ, ಒಸಡು ಬಿಳಿಚಿಕೊಂಡಿತು. ಡಾಕ್ಟರು ಡ್ರಿಪ್ ಹಾಕಿ "ನೋಡೋಣ" ಎಂದರು. ಅತ್ತ ಹುಡುಗಿ, ನಾಯಿ ಯಾಕೆ ಬರಲಿಲ್ಲ ಎಂದು ಕೇಳಿದ್ದಳು. ಕೌನ್ಸೆಲರ್ ಮಕ್ಕಳಿಗೆ ಸುಳ್ಳು ಹೇಳುವವರಲ್ಲ, ಇದ್ದದ್ದನ್ನೇ ಹೇಳಿದರು. ಅಂದಿನಿಂದ ಅವಳು ಮನೆಯಲ್ಲಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂರುತ್ತಾಳಂತೆ. "ನಿಮ್ ನಾಯಿ ಉಳೀಲೇಬೇಕು ಕಣ್ರೀ," ಎಂದರು ಕೌನ್ಸೆಲರ್ ಫೋನಿನಲ್ಲಿ. "ಇಲ್ದಿದ್ರೆ ಈ ಮಗು ಇನ್ಯಾವತ್ತೂ ಕಣ್ಣೆತ್ತಲ್ಲ."

ಆ ಸಂಜೆ ದಿಕ್ಕು ತೋಚದೆ ನಮ್ಮ ಮನೆಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಹೊರಟೆ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಾಯಿಗೆ ದೃಷ್ಟಿ ನಿವಾಳಿಸಲು ಕೂತೆ. "ನಾಯಿ ಕಣ್ಣು, ನರಿ ಕಣ್ಣು, ಕಂಡವರ ಕಣ್ಣು..." ಬಾಯಿ ಅಲ್ಲಿಗೇ ನಿಂತಿತು. ಇವಳನ್ನು ಅಷ್ಟು ಮನಸ್ಸಿಟ್ಟು ಕಂಡವರು ಯಾರು? ಆ ಕೂಸಲ್ಲವೇ? ಛೀ, ಎನ್ನಿಸಿತು. ಉಪ್ಪು ಮೆಣಸಿನಕಾಯಿಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದೆ. ಚಮಚದಲ್ಲಿ ಎಳನೀರು ಬಿಟ್ಟೆ. ನಮ್ಮವಳು ಚೂರೇ ಚೂರು ನುಂಗಿದಳು.

ಉಳಿದಳು, ಪುಣ್ಯ. ಪಕ್ಕೆಲುಬು ಎಣಿಸುವಂತಾಗಿದ್ದರೂ ಆಟೋ ಕಂಡದ್ದೇ ಬಾಲ ಬಡಿದಳು. ಡಾಕ್ಟರು ಸರಿ ಎಂದ ಮೇಲೆ ಕರೆದುಕೊಂಡು ಹೋದೆ. ಆವತ್ತು ಮಗು ಎತ್ತಿಕೊಂಡಿದ್ದ ಅಮ್ಮನನ್ನೂ ಕೌನ್ಸೆಲರ್ ಒಳಗೇ ಕೂರಿಸಿದ್ದರು. ಹುಡುಗಿ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ನಾಯಿ ಹೋಗಿ ಅವಳ ಮೊಣಕಾಲ ಮೇಲೆ ಗದ್ದವಿಟ್ಟು ನಿಂತಿತು.

"ದೃಷ್ಟಿ ತೆಗೆದ್ರಾ?" ಕೈ ತೆಗೆಯದೆಯೇ ಕೇಳಿದಳು.

"ಇಲ್ಲ ಪುಟ್ಟಿ. ಉಣ್ಣೆ ಕಚ್ಚಿತ್ತು. ಇಂಜೆಕ್ಷನ್ ಕೊಟ್ರು, ಹೋಯ್ತು."

ಪರದೆ ಉಬ್ಬಿತು, ಇಳಿಯಿತು.

"ಅಜ್ಜಿ ದೃಷ್ಟಿ ತೆಗೀವಾಗ ನಾಯಿ ಕಣ್ಣು ಅಂತ್ಲೇ ಶುರು ಮಾಡೋದು," ಎಂದಳು ನಿಧಾನವಾಗಿ. "ಇವ್ಳು ಯಾವಾಗ್ಲೂ ನನ್ನೇ ನೋಡ್ತಿರ್ತಾಳೆ." ನಾಯಿ ಬಾಲ ಆಡಿಸಿತು. "ನಂಗೇನೂ ಆಗಿಲ್ಲ."

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಕೌನ್ಸೆಲರ್ ಕಣ್ಣಲ್ಲೇ ಗದರಿದರು. ನನ್ನ ಬಾಯಿ ಮುಚ್ಚಿಸಿದವರು ಜಕ್ಕೂರಿನಲ್ಲಿ ಯಾರೂ ಇಲ್ಲ, ಆದರೂ ಮುಚ್ಚಿದೆ.

ಹುಡುಗಿ ಕೈ ಇಳಿಸಿದಳು. ನಾಯಿಯನ್ನು ನೋಡಿದಳು. ಅಷ್ಟರಲ್ಲಿ ಪುಟ್ಟ ತಮ್ಮ, ಅಮ್ಮನ ಮಡಿಲಿಂದ ಜಾರಿ, ಅಂಬೆಗಾಲಿಟ್ಟು ಬಂದು, ನಾಯಿಯ ಮಡಚಿದ ಕಿವಿ ಹಿಡಿದು ಜೋರಾಗಿ ನಕ್ಕ. ಈ ಸಲ ಅವಳು ಗೋಡೆ ಕಡೆ ತಿರುಗಲಿಲ್ಲ.

"ಅಮ್ಮಾ! ಇವ್ನಿಗೆ ಹಲ್ಲು ಬಂದ್ಬಿಟ್ಟಿದೆ!"

"ಯಾವಾಗ್ಲೋ ಬಂತು ಕಣೇ," ಎಂದು ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿಗೆ ಅದು ಕೇಳಿಸಲಿಲ್ಲ. ನೋಡಿದ್ದೇ ನೋಡಿದ್ದು.