ತಾಮ್ರ ಬೆರೆತ ಗುಂಡು

'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆಯನ್ನು ಚೆಲುವಮ್ಮನ ಎದುರು ಆಡುವ ಎದೆಗಾರಿಕೆ ಪಾಂಡವಪುರದಲ್ಲಿ ಯಾರಿಗೂ ಇರಲಿಲ್ಲ. ಆಡಿದವರ ಜನ್ಮ ಜಾಲಾಡಿಬಿಡುತ್ತಿದ್ದಳು. ಅವಳ ಗಂಡ ಸುಬ್ರಹ್ಮಣ್ಯಾಚಾರಿ ಅಂಥ ಆಸಾಮಿಯೇ ಅಲ್ಲ. ಬೇರೆ ಕಡೆಯಾದರೆ ಚಿನ್ನ ಕರಗುವ ತನಕ ಗಿರಾಕಿಗಳು ರೆಪ್ಪೆ ಮಿಟುಕಿಸದೆ ಎದುರು ಕೂತಿರುತ್ತಾರೆ. ಇವನ ಕೈಗೆ ಕೊಟ್ಟವರು ಸಂತೆ ಮುಗಿಸಿಕೊಂಡು ನೆಮ್ಮದಿಯಾಗಿ ಬರುತ್ತಿದ್ದರು. ತೊಣ್ಣೂರಿನವರೂ ಹೊಸಹೊಳಲಿನವರೂ ಮಗಳ ಮದುವೆ ಬಂತೆಂದರೆ ಅವನನ್ನೇ ಹುಡುಕಿಕೊಂಡು ಬರುವರು.

ತೊಂಬತ್ತೆರಡನೇ ಇಸವಿಯ ಬೇಸಿಗೆ. ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆಯನ್ನು ಬಾಯಿಗಿಟ್ಟುಕೊಂಡವನು ಹಾಗೇ ಪಕ್ಕಕ್ಕೆ ವಾಲಿದ. ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಮೂರ್ಛೆ ಇರಬೇಕೆಂದು ಅಕ್ಕಪಕ್ಕದವರು ಅವನ ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಪುಣ್ಯಕ್ಕೆ ಚೆಲುವಮ್ಮನ ತಮ್ಮ ಪ್ರಸಾದ ಆ ವೈದ್ಯವನ್ನು ನಂಬದೆ ಬಾಡಿಗೆ ಕಾರು ತಂದು ಮೈಸೂರಿನ ಆಸ್ಪತ್ರೆಯೊಂದಕ್ಕೆ ಸಾಗಿಸಿದ.

ತಲೆಯೊಳಗೆ ರಕ್ತನಾಳ ಒಡೆದು ಸೋರಿದೆ ಎಂದರು ಡಾಕ್ಟರು. ಅದಕ್ಕಿಂತ ಅವರ ಹುಬ್ಬು ಗಂಟಿಕ್ಕಿಸಿದ್ದು ತೋಳಿನಿಂದ ತೆಗೆದ ರಕ್ತ. ಅದರಲ್ಲಿ ಬಿಳಿಕಣಗಳು ದುಪ್ಪಟ್ಟಾಗಿವೆ, ಸಕ್ಕರೆ ಏರಿದೆ, ಒಳಗಿನ ಪೆಟ್ಟು ಬಹಳ ದೊಡ್ಡದೆಂದು ಇವೇ ಸಾಕ್ಷಿ ಹೇಳುತ್ತಿವೆ, ಇಂಥ ರಕ್ತದವರು ತಿಂಗಳು ದಾಟುವುದು ಅಪರೂಪ ಎಂದರು. ಚೆಲುವಮ್ಮ ದಂಗಾದಳು. ತಲೆಯಲ್ಲಿ ಆದ ಅನಾಹುತ ತೋಳಿನ ರಕ್ತಕ್ಕೆ ಹೇಗೆ ತಿಳಿಯಿತು? ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಒಬ್ಬರ ಕಷ್ಟ ಒಬ್ಬರಿಗೆ ತಿಳಿಯುವುದಿಲ್ಲವಲ್ಲ ಎಂದುಕೊಂಡಳು. ಅವಳಿಗೆ ಬೇಕಾದ್ದು ಒಂದೇ, ಗಂಡನ ಜೀವ. ಅದನ್ನು ಮಾತ್ರ ಯಾರೂ ಕೊಡುತ್ತೇವೆ ಎನ್ನಲಿಲ್ಲ. ಕೆಲವು ದಿನಗಳಾದ ಮೇಲೆ, ಹೋಗುವ ಜೀವ ಮನೆಯಲ್ಲೇ ಹೋಗಲಿ ಎಂದು ನೆಂಟರು ಊರಿಗೆ ಕರೆತಂದರು.

ಒಂದು ಸಂಜೆ ಉಸಿರು ಗೊರಗೊರ ಎನ್ನತೊಡಗಿತು. ಪಕ್ಕದ ಮನೆಯ ಜಯಲಕ್ಷ್ಮಮ್ಮ, ಎಂಥೆಂಥ ಸಾವುಗಳನ್ನೋ ಕಂಡ ಮುದುಕಿ, ಬಾಯಿಗೆ ತುಳಸಿ ನೀರು ಬಿಟ್ಟು ಚೂರು ಚಿನ್ನ ಹಾಕಿಬಿಡು ಎಂದರು. ಚೆಲುವಮ್ಮ ಎದ್ದಳು. ಮದುವೆಯಾದ ಹೊಸದರಲ್ಲಿ ಅವನೇ ಮಾಡಿಕೊಟ್ಟ ಗುಂಡಿನ ಸರವನ್ನು ಕೊರಳಿಂದ ತೆಗೆದು ದಾರ ಕತ್ತರಿಸಿದಳು. ಅವನ ಕೈಯ ಚಿನ್ನಕ್ಕಿಂತ ಶುದ್ಧವಾದದ್ದು ಮೂರು ತಾಲ್ಲೂಕಿನಲ್ಲಿ ಎಲ್ಲಿದೆ? ಒಂದು ಗುಂಡನ್ನು ಅವನ ನಾಲಿಗೆಯ ಮೇಲಿಟ್ಟಳು.

ದವಡೆ ಮೆಲ್ಲಗೆ ಅಲುಗಿತು. ಅವನು ಗುಂಡನ್ನು ಕಚ್ಚಿ ನೋಡಿದ. ಕಣ್ಣು ತೆರೆಯಿತು. ನಾಲಿಗೆ ಆ ಗುಂಡನ್ನು ಹೊರಕ್ಕೆ ತಳ್ಳಿತು.

"ತಾ... ಮ್ರ," ಎಂದ.

ಅಳಲೆಂದು ಸಿದ್ಧವಾಗಿ ಬಂದಿದ್ದವರೆಲ್ಲ ಕಲ್ಲಾಗಿ ನಿಂತರು. ಜಯಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಅವನು ಹೇಳಿದ್ದೇನೆಂದು ಚೆಲುವಮ್ಮನಿಗೆ ಬೇಕಿರಲಿಲ್ಲ, ಹೇಳಿದನಲ್ಲ, ಅಷ್ಟೇ ಸಾಕಿತ್ತು. ಮರುದಿನ ಅವನು ಗಂಜಿ ಕುಡಿದ. ತಿಂಗಳು ದಾಟಿತು, ಮಳೆಗಾಲವೂ ದಾಟಿತು.

ಕಲಬೆರಕೆ ಮಾಲು ಕಂಡು ಯಮನೇ ವಾಪಸು ಕಳಿಸಿದ ಎಂದು ಬೀದಿಯಲ್ಲಿ ನಕ್ಕರು. ಚೆಲುವಮ್ಮ ಮಾತ್ರ ನಗಲಿಲ್ಲ. ಮಾತು ಅರ್ಧಂಬರ್ಧ ಮರಳಿದ ಮೇಲೆ ಒಂದು ದಿನ ಅವನೇ ಬಾಯಿಬಿಟ್ಟ. ಹಿಂದೆ ತೊಣ್ಣೂರಿನ ಮದುವೆಯೊಂದರ ಚಿನ್ನ ಕರಗಿಸುವಾಗ ಮೂಸೆ ಒಡೆದು ಒಂದಷ್ಟು ಬೂದಿಯ ಪಾಲಾಗಿತ್ತಂತೆ. ಹೆಣ್ಣಿನ ಒಡವೆಗೆ ಕೊರತೆ ಮಾಡಲಾರದೆ, ತೊಳೆದುಕೊಡುವ ನೆಪದಲ್ಲಿ ಹೆಂಡತಿಯ ಗುಂಡುಗಳಿಂದ ಅಷ್ಟು ಚಿನ್ನ ತೆಗೆದು, ತಾಮ್ರ ಬೆರೆಸಿ ಮತ್ತೆ ಕಟ್ಟಿಕೊಟ್ಟಿದ್ದನಂತೆ. ಅಕ್ಕನ ಚಿನ್ನ ಮುಟ್ಟದವನು ಹೆಂಡತಿಯದನ್ನು ಮುಟ್ಟಿದ್ದ. ಅರ್ಧ ಲೀಟರು ಹಾಲಿಗೆ ಬೀದಿ ಒಂದುಮಾಡುವ ಚೆಲುವಮ್ಮ ಅವತ್ತು ಸೆರಗಿನಿಂದ ಅವನ ಸೊಟ್ಟ ಬಾಯಿ ಒರೆಸಿದಳು.

ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ರಕ್ತ ಕೊಟ್ಟುಬರುವುದು ರೂಢಿಯಾಯಿತು. ಬಿಳಿಕಣ ಇಳಿದಿತ್ತು, ಸಕ್ಕರೆ ಹದದಲ್ಲಿತ್ತು, ಒತ್ತಡಕ್ಕೆ ಮಾತ್ರೆ ನಡೆಯುತ್ತಿತ್ತು. ತೊಂಬತ್ತೆಂಟರಲ್ಲಿ ಅದೇ ಡಾಕ್ಟರು ವರದಿ ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟರು.

"ಆವತ್ತಿನ ರಕ್ತ ಸುಳ್ಳು ಹೇಳಿರಲಿಲ್ಲ ತಾಯಿ, ಪೆಟ್ಟು ದೊಡ್ಡದೇ ಇತ್ತು. ಇವರು ಹೇಗೆ ಉಳಿದರು ಅಂತ ಹೇಳೋ ಪರೀಕ್ಷೆ ಮಾತ್ರ ನನ್ನ ಹತ್ರ ಇಲ್ಲ."

ಆ ವರ್ಷವೇ ಅವನು ಎಡಗೈಯಿಂದ ಮೊದಲ ಕೆಲಸ ಮಾಡಿದ. ಯಾರಿಗೂ ಹೇಳದೆ, ಅಂದು ಬಾಯಿಂದ ತಳ್ಳಿದ್ದ ಆ ಒಂದು ಗುಂಡನ್ನು ಪುಟಕ್ಕಿಟ್ಟು, ತಾಮ್ರವನ್ನೆಲ್ಲ ಕಳೆದು, ಕಡಲೆಯಷ್ಟು ಚಿನ್ನವನ್ನು ಹೆಂಡತಿಯ ಅಂಗೈಗಿಟ್ಟ.

"ಈಗ ಅಪರಂಜಿ ಕಣೇ ಚೆಲುವಿ. ನಾನು ಓಗೋ ಕಾಲಕ್ಕೆ ಇದ್ನೇ ಬಾಯ್ಗಾಕು."

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಷ್ಟು ಹಳದಿಯಾದ ಚಿನ್ನವನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ. ಆಮೇಲೆ ಅದನ್ನು ಅವನ ಅಂಗೈಗೇ ವಾಪಸು ಇಟ್ಟಳು.

"ನಂಗ್ಯಾಕ್ರೀ ಅಪರಂಜಿ? ಮೊದ್ಲು ಎಂಗಿತ್ತೋ ಅಂಗೇ ತಾಮ್ರ ಬೆರ್ಸಿ ಕೊಡಿ."

ಅವನು ಪೆಟ್ಟಿಗೆಗೆ ಎಡಗೈ ಹಾಕಿ ತಾಮ್ರದ ಚೂರು ತಡಕತೊಡಗಿದ. ಚೆಲುವಮ್ಮ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ, ಊದುಗೊಳವೆಯನ್ನು ತಾನೇ ಬಾಯಿಗಿಟ್ಟುಕೊಂಡಳು.