ಅಪ್ಪನ ನೇರಳೆ ಬೆರಳು

ಆಗ ಅಹಮದಾಬಾದಿನ ನವರಂಗಪುರದಲ್ಲಿ ಮನೆಗಳಿಗಿಂತ ಬೇವಿನ ಮರಗಳೇ ಹೆಚ್ಚಿದ್ದವು. ಮೇ ತಿಂಗಳ ಮಧ್ಯಾಹ್ನ ರಸ್ತೆಯಲ್ಲಿ ನಾಯಿ ಕೂಡ ಸುಳಿಯುತ್ತಿರಲಿಲ್ಲ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಅದಕ್ಕೆ ನೀರು ಚಿಮುಕಿಸಿ, ಕತ್ತಲೆ ಮಾಡಿಕೊಂಡು ಮಲಗುವುದು. ಫ್ರಿಜ್ ಇಲ್ಲ, ಕೂಲರ್ ಇಲ್ಲ. ಆದರೂ ಆ ಸೆಕೆ ನನಗೆ ನೆನಪಿಲ್ಲ ನೋಡಿ. ನೆನಪಿರುವುದು ಒದ್ದೆ ಲಾವಂಚದ ವಾಸನೆ, ಪಕ್ಕದ ಮನೆಯ ಪಾರುಲ್‌ಳ ಅಮ್ಮ ಮಾಳಿಗೆಯ ಮೇಲೆ ಬಿಸಿಲಿಗಿಟ್ಟ ತುರಿದ ಮಾವಿನಕಾಯಿ, ಸಕ್ಕರೆ ಬೆರೆಸಿ ತುಂಬಿದ ಭರಣಿ. ನಾನೂ ಪಾರುಲ್‌ಳೂ ಅದರ ಮೇಲೆ ಕಟ್ಟಿದ ಬಟ್ಟೆಯನ್ನೇ ನೆಕ್ಕಿ ಬರುತ್ತಿದ್ದೆವು.

ಅರವತ್ತರ ದಶಕದ ಮಾತು. ಧಾರವಾಡದಿಂದ ಹೋದ ನಾಲ್ಕು ಜನ ನಾವು: ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ಅಜ್ಜಿ, ಮತ್ತೆ ನಾನು. ಕಾನ್ವೆಂಟಿನಲ್ಲಿ ಓದುತ್ತಿದ್ದ, ಎಲ್ಲದಕ್ಕೂ ವೈ ವೈ ಎನ್ನುವ ಹುಡುಗಿ. ಅಪ್ಪ ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಓದಿದ್ದು ಫಿಸಿಕ್ಸ್. ಗಾಜಿನ ಬುರುಡೆಯೊಳಗೆ ವಿದ್ಯುತ್ತಿನ ಕಿಡಿ ಹಾರಿಸುವುದರಲ್ಲಿ ಅವರು ಪಳಗಿದವರು. ಆ ವರ್ಷ ಅವರಿಗೆ ಹೊಸ ಹುಚ್ಚು ಹತ್ತಿತ್ತು. ಭೂಮಿಯ ಮೇಲೆ ಜೀವ ಇನ್ನೂ ಇರದ ಕಾಲದಲ್ಲಿ, ಜೀವಕ್ಕೆ ಬೇಕಾದ ಇಟ್ಟಿಗೆಗಳು ಹೇಗೆ ತಯಾರಾದವು ಅನ್ನುವುದು.

ಒಂದು ಭಾನುವಾರ ನನ್ನನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ಕೆಳಗಿನ ಬುರುಡೆಯಲ್ಲಿ ಕುದಿಯುವ ನೀರು, ಅದು ಆಗಿನ ಸಮುದ್ರವಂತೆ. ಮೇಲಿನ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್, ಅದು ಆಗಿನ ಗಾಳಿ. ನಡುವೆ ಚಟಚಟ ಅನ್ನುವ ನೀಲಿ ಕಿಡಿ, ಅದು ಸಿಡಿಲು. ಅಮೆರಿಕದಲ್ಲಿ ಇದನ್ನು ಮೊದಲೇ ಮಾಡಿ ನೋಡಿದ್ದರು. ಅಪ್ಪನಿಗೆ ಬೇಕಾಗಿದ್ದುದು ಬೇರೆ. ಅಷ್ಟು ಜೋರಾದ ಸಿಡಿಲೇ ಬೇಕೇ, ಮಂದ ಕಿಡಿಯಿಂದಲೂ ಆಗುತ್ತದೆಯೇ? ತಿಳಿಯಾಗಿದ್ದ ನೀರು ದಿನ ಕಳೆದಂತೆ ಗುಲಾಬಿಯಾಗಿ, ಆಮೇಲೆ ಕಂದಾಗಿತ್ತು. ನಾನು, ಇದು ಅಜ್ಜಿಯ ಹುಣಸೆಹುಳಿ ಸಾರಿನ ಹಾಗಿದೆ ಅಂದೆ. ಅಪ್ಪ ಬಹಳ ನಕ್ಕರು. ವಿಜ್ಞಾನಿಗಳೂ ಅದನ್ನು ಸಾರು ಅಂತಲೇ ಕರೆಯುತ್ತಾರಂತೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಆರು ದಿನದ ಸೃಷ್ಟಿಯ ಕಥೆ ಹೇಳಿದ್ದರು, ಅಜ್ಜಿ ಬ್ರಹ್ಮನ ಕಥೆ ಹೇಳಿದ್ದಳು. ಈಗ ಅಪ್ಪನ ಸಾರು. ನನಗೆ ಯಾವ ತೊಂದರೆಯೂ ಆಗಲಿಲ್ಲ. ಮೂರನ್ನೂ ಒಟ್ಟಿಗೆ ನಂಬಿದ್ದೆ.

ನಿಜವಾಗಿ ಅಪ್ಪನ ಜಗಳವಿದ್ದುದು ಬ್ರಹ್ಮನ ಜೊತೆಗಲ್ಲ, ಅಜ್ಜಿಯ ಮಡಿಯ ಜೊತೆಗೆ. ಅಜ್ಜಿಯ ಮಡಿ ಸೀರೆ ಅಡುಗೆಮನೆಯ ಮೇಲಿನ ಗಳದ ಮೇಲೆ ಒಣಗುತ್ತಿತ್ತು. ಅದನ್ನು ಕೋಲಿನಿಂದ ಏರಿಸಬೇಕು, ಕೋಲಿನಿಂದಲೇ ಇಳಿಸಬೇಕು. ನಾನು ಓಡಿಬಂದು ತಾಗಿದೆನೋ, ಮುಗಿಯಿತು, ಅಜ್ಜಿ ಮತ್ತೆ ಸ್ನಾನಕ್ಕೆ. ಈ ನೀರಿನ ಬರದ ಊರಿನಲ್ಲಿ ಇದೇನು ನಾನ್ಸೆನ್ಸ್ ಅಂತ ಅಪ್ಪ ಗೊಣಗುತ್ತಿದ್ದರು. ಕೈಯಲ್ಲಿ ಏನಿರುತ್ತದೆ, ತೊಳೆದ ಕೈ ತೊಳೆದ ಕೈಯೇ ಅನ್ನುವುದು ಅವರ ವಾದ. ಅಜ್ಜಿ ಕೋಲು ಹಿಡಿದು ಸೀರೆ ಇಳಿಸಲು ಹೋಗಿಬಿಡುತ್ತಿದ್ದಳು.

ಆ ಕಂದು ನೀರಿನಲ್ಲಿ ಏನಾಗಿದೆ ಎಂದು ತಿಳಿಯಲು ಒಂದು ಉಪಾಯವಿತ್ತು. ಒಂದು ಹನಿಯನ್ನು ದಪ್ಪ ಬಿಳಿ ಕಾಗದದ ಮೇಲಿಟ್ಟು, ಕಾಗದದ ಅಂಚನ್ನು ಬೇರೆ ದ್ರವದಲ್ಲಿ ಅದ್ದಿ, ಅದು ಮೇಲೇರಿದ ಮೇಲೆ ಒಣಗಿಸಿ ಒಂದು ಔಷಧ ಸಿಂಪಡಿಸುವುದು. ಆಮೇಲೆ ಬಿಸಿ ಮಾಡಿದರೆ, ಅಮೈನೋ ಆಸಿಡ್ ಇದ್ದಲ್ಲೆಲ್ಲ ನೇರಳೆ ಬಣ್ಣ ಏಳುತ್ತದೆ. ಅಮೈನೋ ಆಸಿಡ್ ಅಂದರೆ ಅದೇ ಜೀವದ ಇಟ್ಟಿಗೆ. ಜೂನ್ ಬರುವ ಹೊತ್ತಿಗೆ ಅಪ್ಪನ ಕಾಗದದಲ್ಲಿ ನೇರಳೆ ಚುಕ್ಕೆಗಳೋ ಚುಕ್ಕೆಗಳು. ಅಷ್ಟು ಖುಷಿಯ ಅಪ್ಪನನ್ನು ನಾನು ನೋಡಿರಲೇ ಇಲ್ಲ. ಬೊಂಬಾಯಿಯಿಂದ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಲ್ಯಾಬಿನ ಆ ಕೋಣೆ ಅಪ್ಪನದೇ, ನಾವು ಅಹಮದಾಬಾದಿನಲ್ಲೇ. ಇಲ್ಲದಿದ್ದರೆ ಕೋಣೆ ಬೇರೆಯವರಿಗೆ, ನಾವು ಬೇರೆ ಊರಿಗೆ. ಅವ್ವ ಆಗಲೇ ಅಂಗಳದಲ್ಲಿ ಕರಿಬೇವಿನ ಸಸಿ ನೆಟ್ಟಿದ್ದಳು. ನಾನು ನವರಾತ್ರಿಗೆ ಪಾರುಲ್ ಜೊತೆ ಗರ್ಬಾ ಆಡುವುದೆಂದು ನಿಶ್ಚಯವಾಗಿತ್ತು.

ಅದೇ ಹೊತ್ತಿಗೆ ಅಲ್ಲಿಯವರು ಲಾರಿ ಅನ್ನುವ ಕೈಗಾಡಿಯಲ್ಲಿ ನೇರಳೆ ಹಣ್ಣು ಬಂತು. ಎಲೆಯ ಮೇಲೆ ಹಾಕಿ ಉಪ್ಪು ಉದುರಿಸಿ ಕೊಡುತ್ತಿದ್ದರು. ನನ್ನ, ಪಾರುಲ್‌ಳ ನಾಲಿಗೆ ಸದಾ ನೇರಳೆ. ಒಂದು ದಿನ ಊಟಕ್ಕೆ ಕೂತಾಗ ನೋಡುತ್ತೇನೆ, ಅಪ್ಪನ ಬೆರಳ ತುದಿಗಳೂ ನೇರಳೆ. ಅವ್ವ ಬಿಡಲಿಲ್ಲ.

"ಒಬ್ರ ತಿಂದು ಬಂದೀರೇನು? ಹುಡುಗಿಗೆ ನಾಕು ತರಬಾರದಿತ್ತೇನ್ರಿ?"

ಅಪ್ಪ ನಕ್ಕು, ಇದು ಹಣ್ಣಿನ ಬಣ್ಣವಲ್ಲ, ಔಷಧ ಕೈಗೆ ತಾಗಿದ್ದು ಅಂದರು. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲವಂತೆ. ಆ ಔಷಧಕ್ಕೆ ಸ್ವಂತ ಬಣ್ಣವೇ ಇಲ್ಲ, ಅಮೈನೋ ಆಸಿಡ್ ಸಿಕ್ಕರೆ ಮಾತ್ರ ನೇರಳೆಯಾಗುತ್ತದೆ ಅಂತ ನನಗೆ ವಿವರಿಸಿದರು.

ನಾನು ಕೇಳಿದೆ: "ಹಂಗಾರ ನಿಮ್ಮ ಬೆರಳ್ಯಾಕ ನೇರಳೆ ಆಗ್ಯಾವ, ಅಪ್ಪಾ?"

ಅಪ್ಪ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಮೊಸರನ್ನದ ಕೈ ತಟ್ಟೆಯಲ್ಲೇ ಉಳಿಯಿತು. ಆಮೇಲೆ ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾ ಅಂತ ನನ್ನನ್ನು ಸೈಕಲ್ಲಿನ ಮುಂದಿನ ದಂಡದ ಮೇಲೆ ಕೂರಿಸಿಕೊಂಡು, ಆ ಉರಿಬಿಸಿಲಿನಲ್ಲಿ ಲ್ಯಾಬಿಗೆ ಹೊರಟರು.

ಹೊಸ ಕಾಗದ ಒಂದನ್ನು ಮೇಜಿನ ಮೇಲೆ ಹಾಸಿದರು. ತೊಳೆದು ಒರೆಸಿದ ಕೈಯನ್ನು ಅದರ ಮೇಲೆ ಒತ್ತಿದರು. ನೀನೂ ಒತ್ತು ಅಂದರು. ಅವರ ಕೈಯ ಪಕ್ಕ ನನ್ನ ಕೈ. ಕಾಗದ ಹಾಗೇ ಬಿಳಿ. ಔಷಧ ಸಿಂಪಡಿಸಿ, ಒಣಗಿಸಿ, ಇಸ್ತ್ರಿಪೆಟ್ಟಿಗೆಯನ್ನು ಕಾಗದಕ್ಕೆ ತಾಗದಂತೆ ಮೇಲೆ ಹಿಡಿದರು. ಐ ಸ್ಟಿಲ್ ರಿಮೆಂಬರ್, ಏನೂ ಇಲ್ಲದ ಜಾಗದಿಂದ ನಿಧಾನವಾಗಿ ಅಪ್ಪನ ಐದು ಬೆರಳು ಎದ್ದವು. ಗೆರೆ ಗೆರೆ ಸಮೇತ. ಪಕ್ಕದಲ್ಲಿ ನನ್ನ ಐದು, ಚಿಕ್ಕವು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟರು.

ಕೆಮಿಸ್ಟ್ರಿಯವರಿಗೆ ಇದು ಗೊತ್ತಿರುತ್ತದಂತೆ. ಕಾಗದವನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರಿನಲ್ಲೂ ಅದೇ ಇಟ್ಟಿಗೆ ಇರುತ್ತದೆ. ಆದರೆ ಅಪ್ಪ ಕಿಡಿಯ ಮನುಷ್ಯ. ಸುರುಳಿ ಸುತ್ತುವ ಕಾಗದವನ್ನು ನಡುವೆ, ಅಂಚಿನಲ್ಲಿ, ಎಲ್ಲಿ ಬೇಕೋ ಅಲ್ಲಿ ಬೆರಳಿನಿಂದ ಒತ್ತಿ ಸರಿಮಾಡಿದ್ದರು. ಅದೂ ಅಹಮದಾಬಾದಿನ ಮೇ ತಿಂಗಳ ಬೆವರುಗೈ. ಆ ಚುಕ್ಕೆಗಳಲ್ಲಿ ಎಷ್ಟು ಸಾರಿನವು, ಎಷ್ಟು ಬೆರಳಿನವು ಅಂತ ಹೇಳುವವರು ಯಾರು?

ಸಾಹೇಬರು ಬರಲು ಎರಡೇ ದಿನವಿತ್ತು. ಸಂಜೆ ಅವ್ವ ಮೆಲ್ಲಗೆ ಅಂದಳು, ಚುಕ್ಕೆ ಯಾರದು ಅಂತ ಯಾರು ಕೇಳತಾರ, ಸುಮ್ಮನಿರ್ರಿ. ಅವಳ ಕಣ್ಣು ಅಂಗಳದ ಕರಿಬೇವಿನ ಮೇಲಿತ್ತು. ಉತ್ತರ ಬಂದದ್ದು ಜಪಕ್ಕೆ ಕೂತಿದ್ದ ಅಜ್ಜಿಯಿಂದ.

"ಮುಟ್ಟಿದ್ದು ನಿನಗ ಗೊತ್ತಾತಲ್ಲೋ ರಾಘು. ಯಾರೂ ನೋಡಿಲ್ಲಂದ್ರ ಮಡಿ ಆಗ್ತದೇನು? ಮತ್ತ ಸ್ನಾನ ಮಾಡಬೇಕು, ಅಷ್ಟ."

ಅಣಕವಿರಲಿಲ್ಲ ಆ ಮಾತಿನಲ್ಲಿ. ಒದ್ದೆ ಸೀರೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದಳು.

ಮರುದಿನ ಬೆಳಿಗ್ಗೆ ಅಪ್ಪ, ಅವ್ವ ರೊಟ್ಟಿ ತಿರುವುವ ಚಿಮಟಾವನ್ನು ಬೆಂಕಿಗೆ ಹಿಡಿದು ಶುದ್ಧಮಾಡಿ ಚೀಲಕ್ಕೆ ಹಾಕಿಕೊಂಡರು. ಬಾಟಲಿಯಲ್ಲಿ ಕಂದು ನೀರು ಇನ್ನೂ ಇತ್ತು. ಹೊಸ ಕಾಗದ, ಎತ್ತುವುದು ಚಿಮಟಾದಲ್ಲಿ, ಇಳಿಸುವುದು ಚಿಮಟಾದಲ್ಲಿ. ಅಜ್ಜಿ ಮಡಿ ಸೀರೆಯನ್ನು ಕೋಲಿನಿಂದ ಏರಿಸಿ ಇಳಿಸುವ ಹಾಗೆಯೇ. ಅಷ್ಟೊಂದು ಚುಕ್ಕೆಗಳಲ್ಲಿ ಉಳಿದದ್ದು ಒಂದೇ ಒಂದು. ಮಸುಕು ನೇರಳೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು.

ಸಾಹೇಬರ ಮುಂದೆ ಅಪ್ಪ ಮೂರೂ ಕಾಗದ ಇಟ್ಟರಂತೆ: ಮೊದಲಿನದು, ನಮ್ಮಿಬ್ಬರ ಕೈಯದು, ಒಂದೇ ಚುಕ್ಕೆಯದು. ಸಾಹೇಬರು ಒಳ್ಳೆಯವರೇ, ಕೈಗಳ ಕಾಗದ ನೋಡಿ ನಕ್ಕರಂತೆ, ಮುಂದಿನ ಹುಡುಗರಿಗೆ ಪಾಠ ಮಾಡಲು ಬೇಕು ಅಂತ ಜೊತೆಗೇ ಒಯ್ದರಂತೆ. ಆದರೆ ಒಂದು ಚುಕ್ಕೆಗೆ ಕೋಣೆ ಸಿಗಲಿಲ್ಲ. ಆಫ್ಟರ್ ಆಲ್, ಕೋಣೆಗೆ ಕಾದವರು ಬೇರೆಯವರೂ ಇದ್ದರು. ಮಳೆ ಹಿಡಿದ ಮೇಲೆ ನಾವು ವಡೋದರಾಕ್ಕೆ ಹೋದೆವು, ಅಪ್ಪ ಅಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದರು. ಹೊರಡುವ ದಿನ ಪಾರುಲ್ ಮಾವಿನಕಾಯಿಯ ಸಿಹಿ ಉಪ್ಪಿನಕಾಯಿಯನ್ನು ಒಂದು ಪುಟ್ಟ ಭರಣಿಯಲ್ಲಿ ತಂದುಕೊಟ್ಟಳು. ಟಾಂಗಾದಲ್ಲಿ ಅಪ್ಪ ಅಜ್ಜಿಯ ಕಡೆ ತಿರುಗಿ, ಒಂದಾದರೂ ಬಂತಲ್ಲವ್ವಾ, ಅದು ಸಮುದ್ರದ್ದು, ನನ್ನದಲ್ಲ ಅಂದರು. ಬೇಸರದ ದನಿಯಾಗಿರಲಿಲ್ಲ ಅದು.

ಈಗ ಅವರ್ಯಾರೂ ಇಲ್ಲ. ನವರಂಗಪುರದ ಆ ಮನೆಯ ಜಾಗದಲ್ಲಿ ಬಟ್ಟೆ ಅಂಗಡಿ ಇದೆ, ರಸ್ತೆ ದಾಟುವುದೇ ಕಷ್ಟ. ಮೊಮ್ಮಗಳು ಕನ್ನಡ ಅರ್ಥಮಾಡಿಕೊಳ್ಳುತ್ತಾಳೆ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆ ಒಂದು ಚುಕ್ಕೆಯ ಕಾಗದ ನನ್ನ ಬೀರುವಿನಲ್ಲಿದೆ. ಆ ನೇರಳೆ ಬಹಳ ವರ್ಷ ಇರುವ ಬಣ್ಣವಲ್ಲವಂತೆ. ಚುಕ್ಕೆ ಯಾವಾಗಲೋ ಹೋಗಿದೆ. ಮೊಮ್ಮಗಳಿಗೆ ತೋರಿಸಿದೆ. ಅಜ್ಜಿ, ದೇರ್ ಈಸ್ ನಥಿಂಗ್ ಹಿಯರ್ ಅಂದಳು.

ಹೌದು, ಏನೂ ಇಲ್ಲ. ಸರಿಯಾದ ಕಾಗದ ನನಗೆ ಉಳಿಯಿತು. ನನಗೆ ಬೇಕಾಗಿದ್ದುದು ಸಾಹೇಬರು ಒಯ್ದ ಆ ಇನ್ನೊಂದು, ಅಪ್ಪನ ಕೈಯ ಪಕ್ಕ ನನ್ನ ಕೈ ಇದ್ದದ್ದು. ಅದನ್ನು ವಾಪಸ್ ಕೇಳಬೇಕು ಅಂತ ಆಗ ನಮಗ್ಯಾರಿಗೂ ಹೊಳೆಯಲಿಲ್ಲ.