ಸ್ಕೈಲ್ಯಾಬ್ ಬಿತ್ತೆಂದು ನಕ್ಕ ಮಧ್ಯಾಹ್ನ

ನಾನು ಹುಟ್ಟಿನಿಂದ ಹೆದರುಪುಕ್ಕಲಿಯಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು, ಹಾಲಿನ ಕ್ಯಾನು, ರಾಗಿ ಹೊಲದ ನಡುವೆ ಬೆಳೆದವಳು. ಹಾವು ಕಂಡರೆ ಕೋಲು ಹುಡುಕುತ್ತಿದ್ದೆನೇ ಹೊರತು ಓಡುತ್ತಿರಲಿಲ್ಲ. ಭಯ ನನಗೆ ಹಿಡಿದದ್ದು ಮದುವೆಯಾಗಿ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಲೈನು ಮನೆಗೆ ಬಂದ ಮೇಲೆ. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ನೆಲ ಗಡಗಡ ನಡುಗಿತು. ಗೂಡಿನ ಪಾತ್ರೆಗಳು ಕೆಳಗುರುಳಿದವು. ಅತ್ತೆ ಕೈಯಲ್ಲಿದ್ದ ಸೌಟು ಸಮೇತ ಹೊರಗೋಡಿದರು. ಹೊರಗೆ ಆಗಲೇ ಸಾಲುಮನೆಗಳ ಹೆಂಗಸರೆಲ್ಲ ನಿಂತು ಒಬ್ಬರನ್ನೊಬ್ಬರು ಒಂದೇ ಮಾತು ಕೇಳುತ್ತಿದ್ದರು: "ಯಾವ ಶಾಫ್ಟು? ಯಾವ ಶಾಫ್ಟು?"

ಶಾಫ್ಟೆಂದರೆ ಗಂಡಸರು ಗಣಿಗೆ ಇಳಿಯುವ ಬಾವಿ. ಆ ನಡುಕವನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಗಣಿಯ ಆಳದಲ್ಲಿ ಬಂಡೆ ಭಾರ ತಾಳದೆ ಸಿಡಿದರೆ ಮೇಲಿನ ಊರೆಲ್ಲ ನಡುಗುತ್ತದೆ. ನಡುಗಿದ ತಕ್ಷಣ ಹೆಂಗಸರು ಒಲೆಯ ಮೇಲೆ ಏನಿದ್ದರೂ ಬಿಟ್ಟು ಗಣಿಯ ಬಾಗಿಲಿಗೆ ಓಡಬೇಕು. ತಮ್ಮ ಗಂಡಸು ಮೇಲೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮನೆಗೆ ಹಿಂತಿರುಗಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ಅಲ್ಲಿನ ರೂಢಿ. ಸೀದ ಅನ್ನಕ್ಕೆ ಆ ದಿನ ಯಾವ ಅತ್ತೆಯೂ ಬೈಯುತ್ತಿರಲಿಲ್ಲ.

ನನ್ನ ಗಂಡ ಮಾತ್ರ ನಗುತ್ತಿದ್ದರು. ಗಣಿಯಿಂದ ಮೇಲೆ ತರುವ ಕೇಜಿನಿಂದ ಇಳಿದು, ಬೀಡಿ ಹಚ್ಚಿ, "ನೀನು ಅತ್ರೆ ಬಂಡೆ ಎದ್ರಿಕೊಂಡು ಸುಮ್ಕಾಯ್ತದೇನೇ?" ಅನ್ನುವರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬದುಕಿ ಬಂದದ್ದಕ್ಕೆ ಸಂತೋಷಪಡುವುದೋ, ನಕ್ಕದ್ದಕ್ಕೆ ಎರಡು ಬಾರಿಸುವುದೋ ತಿಳಿಯುತ್ತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ಈ ಭಯದ ಜೊತೆಗೆ ಇನ್ನೊಂದು ಬಂದು ಸೇರಿತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳೆಂದು ನಲ್ಲಿಯ ಹತ್ತಿರ ಪೇಪರ್ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅಮೆರಿಕದವರು ಕೆಲವು ವರ್ಷದ ಹಿಂದೆ ಆಕಾಶಕ್ಕೆ ಹಾರಿಸಿದ ಸ್ಕೈಲ್ಯಾಬ್ ಎಂಬ ಮನೆಯಂಥ ವಾಹನ ಈಗ ಖಾಲಿಯಾಗಿ, ಹಿಡಿತ ತಪ್ಪಿ, ಇಳಿದು ಬರುತ್ತಿದೆ. ಯಾವ ದೇಶದ ಮೇಲೆ ಬೀಳುತ್ತದೋ ಹಾರಿಸಿದವರಿಗೇ ಗೊತ್ತಿಲ್ಲ ಎಂಬ ಸಾಲನ್ನು ನಾನು ಎರಡು ಸಲ ಓದಿದೆ.

ಅಮೆರಿಕ ಎಂದರೆ ನನಗೆ ಅಲ್ಲಿಯವರೆಗೆ ಬೇರೆಯೇ ಆಗಿತ್ತು. ಪ್ರೈಮರಿ ಶಾಲೆಯಲ್ಲಿ ಅವರು ಕಳಿಸಿದ ಪುಡಿಯಿಂದ ಕಲಸಿದ ಹಾಲು ಕುಡಿದಿದ್ದೆ, ಮನೆಯಲ್ಲಿ ಕರೆಯುವ ಹಸು ಇಟ್ಟುಕೊಂಡು! ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಒಂದು ಸಂಜೆ ವ್ಯಾನು ಬಂದು, ಬಿಳಿ ಪರದೆ ಕಟ್ಟಿ, ಚಂದ್ರನ ಮೇಲೆ ಮನುಷ್ಯ ಕುಪ್ಪಳಿಸುವುದನ್ನು ತೋರಿಸಿತ್ತು. ವಿಜ್ಞಾನದ ಮೇಷ್ಟರು ಕಣ್ಣೊರೆಸಿಕೊಂಡಿದ್ದರು. ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ನಂಬಿಕೆ ಕೂತಿತ್ತು: ಅಲ್ಲಿನ ವಿಜ್ಞಾನಿಗಳಿಗೆ ಗೊತ್ತಿಲ್ಲದ್ದು ಇಲ್ಲ, ಅವರು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿರುತ್ತಾರೆ. ಅಂಥವರಿಗೆ ತಾವೇ ಮೇಲೆ ಕಟ್ಟಿದ್ದನ್ನು ಕೆಳಗಿಳಿಸಲು ಬರುವುದಿಲ್ಲವಂತೆ. ಸೂರ್ಯನ ಕಾವು ಎಣಿಸಿದ್ದಕ್ಕಿಂತ ಹೆಚ್ಚಾಯಿತಂತೆ. ಮತ್ತೆ ಮೇಲಕ್ಕೆ ನೂಕಲು ಹೋಗಬೇಕಾಗಿದ್ದ ಗಾಡಿ ಇನ್ನೂ ತಯಾರಾಗಿಲ್ಲವಂತೆ. ದೇವರ ಮೇಲೆ ಮುನಿಸಿಕೊಂಡಷ್ಟೇ ಮುನಿಸು ಬಂತು ನನಗೆ.

"ಯಾರಿಗಾದರೂ ಪೆಟ್ಟಾಗುವ ಸಂಭವ ಬಹಳ ಕಡಿಮೆ ಅಂತ ವಿಜ್ಞಾನಿಗಳು ಹೇಳಿದ್ದಾರೆ" ಎಂದು ನಾನು ಓದಿದೆ.

ಪಕ್ಕದ ಮನೆಯ ಅಕ್ಕ ಕೊಡ ಸೊಂಟಕ್ಕೇರಿಸಿಕೊಂಡು, "ಕಮ್ಮಿ ಅಂದ್ರೆ ಇಲ್ಲ ಅಂತಾನಾ ಅಮ್ಮಾ?" ಎಂದರು. ಅವರ ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ. ಅವರ ಗಂಡ ಗಣಿಯೊಳಗೇ ತೀರಿಹೋಗಿದ್ದರು. ನಾನು ಪೇಪರ್ ಮಡಿಸಿಬಿಟ್ಟೆ.

ನಮ್ಮಪ್ಪ ರೈಲಿನಲ್ಲಿ ಬಂದು ಬಾಗಿಲಲ್ಲೇ ನಿಂತು ಕರೆದರು. "ನಡಿ ಊರ್ಗೆ. ಊರಾಗೆಲ್ಲ ಕೋಳಿ ಕುಯ್ದು ತಿಂತಾವ್ರೆ. ಸಾಯೋದಾದ್ರೆ ಎಲ್ರೂ ಒಂದೇ ಕಡೆ ಸಾಯಾನ." ನಾನು ಹೋಗಲಿಲ್ಲ. ಗಂಡನನ್ನು ನೆಲದೊಳಗೆ ಬಿಟ್ಟು ತವರಿಗೆ ಹೋಗಿ ಕೋಳಿ ತಿನ್ನಲೆ? ಅಪ್ಪ ಗೊಣಗಿಕೊಂಡು ವಾಪಸು ಹೋಗುವ ರೈಲು ಹತ್ತಿದರು.

ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಪತ್ರಿಕೆಯಲ್ಲಿ ಓದಿದೆ. ಆ ದಿನಗಳಲ್ಲಿ ಅಮೆರಿಕದ ಜನ ಸ್ಕೈಲ್ಯಾಬ್ ಹೆಸರಿನಲ್ಲಿ ಪಾರ್ಟಿ ಮಾಡಿ, ತಮಾಷೆಗೆ ಹೆಲ್ಮೆಟ್ ಹಾಕಿಕೊಂಡು ಕುಣಿದರಂತೆ. ಎದೆಯ ಮೇಲೆ ಗುರಿಯ ಚಿತ್ರವಿದ್ದ ಬನಿಯನ್ನುಗಳನ್ನು ಮಾರಿದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಮ್ಮ ಲೈನಿನಲ್ಲೂ ಹೆಲ್ಮೆಟ್ಟುಗಳಿದ್ದವು. ಅವು ಗಂಡಸರ ತಲೆಯ ಮೇಲೆ ದಿನವೂ ಕೆಳಗಿಳಿಯುತ್ತಿದ್ದವು.

ಇವತ್ತೋ ನಾಳೆಯೋ ಬೀಳುತ್ತದೆ ಎಂದು ರೇಡಿಯೋ ಹೇಳಿದ ದಿನ ನನ್ನ ಗಂಡನಿಗೆ ಬೆಳಗಿನ ಶಿಫ್ಟು. ನನ್ನ ಮನಸ್ಸು ಆವತ್ತು ವಿಚಿತ್ರವಾಗಿತ್ತು. ಮದುವೆಯಾದ ಮೇಲೆ ಮೊದಲ ಸಲ, ಇವರು ಕೆಳಗಿಳಿಯುವುದು ಒಳ್ಳೆಯದೇ ಅನ್ನಿಸಿತು. ಅಷ್ಟು ಆಳಕ್ಕೆ ಅಮೆರಿಕದ ಕಬ್ಬಿಣ ಹೇಗೆ ತಲುಪೀತು? "ಇವತ್ತು ಮೇಲಿಗಿಂತ ಕೆಳಗೇ ವಾಸಿ, ನಿಧಾನವಾಗಿ ಬನ್ನಿ" ಎಂದೆ. ಅವರು ಹೆಲ್ಮೆಟ್ ತಲೆಗೇರಿಸಿಕೊಂಡು ಹೊರಟರು. ಶಿಫ್ಟಿಗೆ ಹೊರಟವರು ಹಿಂತಿರುಗಿ ನೋಡಬಾರದು ಎಂದು ಅಲ್ಲಿ ಒಂದು ನಂಬಿಕೆ. ಆವತ್ತು ಅವರು ಸಾಲುಮನೆಗಳ ಕೊನೆಯಲ್ಲಿ ನಿಂತು ಹಿಂತಿರುಗಿ ನೋಡಿದರು. ನನಗೆ ಅದು ಇಷ್ಟವಾಗಲಿಲ್ಲ.

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನೆಲ ನಡುಗಿತು. ಪಾತ್ರೆ ಉರುಳಿದವು. ನಾವೆಲ್ಲ ಹೊರಗೆ ಓಡಿದೆವು, ಆದರೆ ಯಾರೂ ಶಾಫ್ಟು ಯಾವುದೆಂದು ಕೇಳಲಿಲ್ಲ. ಇಡೀ ಲೈನು ಕತ್ತೆತ್ತಿ ಆಕಾಶ ನೋಡುತ್ತಿತ್ತು. "ಬಿತ್ತು!" ಎಂದು ಯಾರೋ ಕೂಗಿದರು. "ವಿಳುಂದಾಚ್ಚು!" ಎಂದು ಅಕ್ಕ. "ಪಡಿಂದಿ, ಪಡಿಂದಿ!" ಎಂದು ಎದುರುಮನೆಯ ತೆಲುಗಿನ ಅಜ್ಜಿ. ಪಕ್ಕದ ಮೈಸೂರು ಮೈನ್ಸ್ ಕಡೆ ಬಿತ್ತೆಂದು ಒಬ್ಬರು, ಇಲ್ಲ ಕೋರಮಂಡಲ್ ಲೈನುಗಳ ಕಡೆ ಹೊಗೆ ಕಂಡೆನೆಂದು ಇನ್ನೊಬ್ಬರು. ನಮ್ಮ ತಲೆಯ ಮೇಲಂತೂ ಬೀಳಲಿಲ್ಲ! ಅಕ್ಕ ಒಳಗೆ ಓಡಿ ಬೆಲ್ಲ ತಂದು ಎಲ್ಲರ ಬಾಯಿಗೂ ಹಾಕಿದರು. ನಾನು ಅವರನ್ನು ತಬ್ಬಿಕೊಂಡು ಜೋರಾಗಿ ನಕ್ಕೆ. ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿದಂತಾಗಿ, ನಿಲ್ಲಿಸಲು ಆಗದಷ್ಟು ನಕ್ಕೆ.

ಆಗ ಗಣಿಯ ರಕ್ಷಣಾ ದಳದ ವ್ಯಾನು ಗಂಟೆ ಬಾರಿಸುತ್ತಾ ನಮ್ಮ ಮುಂದೆಯೇ ಹಾದು ಶಾಫ್ಟಿನ ಕಡೆ ಹೋಯಿತು.

ನಗು ಹಾಗೇ ನಿಂತುಹೋಯಿತು. ಬಾಯಲ್ಲಿದ್ದ ಬೆಲ್ಲವನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಕ್ಕ ನನ್ನ ರಟ್ಟೆ ಹಿಡಿದು, "ಓಡು" ಎಂದರು.

ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಗಣಿಯ ಬಾಗಿಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾವು ಹೋದಾಗ ಖಾಲಿ ಹೊಡೆಯುತ್ತಿತ್ತು. ಸಿಡಿತದ ನಂತರ ಶಾಫ್ಟಿನ ಗೋಡೆ ಸರಿಯಾಗಿದೆಯೇ ಎಂದು ನೋಡುವವರೆಗೆ ಕೇಜು ಓಡಿಸುವುದಿಲ್ಲ. ಅಷ್ಟು ಮಾತ್ರ ತಿಳಿಯಿತು. ಕಂಬಿ ಹಿಡಿದು ನಿಂತೆ. ಬಂಡೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಮೆರಿಕದವರ ಮೇಲೆ ಬಂತು. ಬಂಡೆ ಯಾವತ್ತೂ ತನಗೆಲ್ಲ ಗೊತ್ತೆಂದು ಹೇಳಿಕೊಂಡಿರಲಿಲ್ಲ. ಅಮೆರಿಕದವರು ಹೇಳಿಕೊಂಡರು, ನಾನು ನಂಬಿದೆ, ಕೊನೆಗೆ ನನ್ನ ಹೆದರಿಕೆಯ ದಿಕ್ಕನ್ನೇ ತಪ್ಪಿಸಿಬಿಟ್ಟರು. ನನ್ನ ಗಂಡನ ತಲೆಯ ಮೇಲೆ ಬಂಡೆ ಕುಸಿಯುವ ಗಳಿಗೆಯಲ್ಲಿ ನಾನು ಆಕಾಶ ನೋಡಿ ನಗುತ್ತಿದ್ದೆನಲ್ಲ! ಆಗ ಒಂದೇ ಬೇಡಿಕೊಂಡೆ: ಬೇಕಾದರೆ ಆ ಸ್ಕೈಲ್ಯಾಬು ನನ್ನ ಮೇಲೇ ಬೀಳಲಿ, ಇವರು ಮೇಲೆ ಬರಲಿ.

ಕೊನೆಗೂ ಕೇಜು ಬಂತು. ಗಂಡಸರು ಎಂದಿನಂತೆ ಬೀಡಿ ಹಚ್ಚಲು ನಿಲ್ಲಲಿಲ್ಲ. ಬಾಗಿಲು ತೆರೆದದ್ದೇ ತಡ, ದೂಳು ಮೆತ್ತಿದ ಮುಖಗಳಲ್ಲಿ ಹೆಂಡತಿ ಮಕ್ಕಳನ್ನು ಕೂಗುತ್ತಾ ಲೈನಿನ ಕಡೆ ಓಡತೊಡಗಿದರು. ಎರಡನೇ ಸಲ ಬಂದ ಕೇಜಿನಲ್ಲಿ ನನ್ನವರಿದ್ದರು. ನನ್ನ ಪಕ್ಕದಲ್ಲೇ ಹಾದು ಓಡಿದರು, ಅವರಿಗೆ ನಾನು ಕಾಣಲೇ ಇಲ್ಲ. "ರೀ!" ಎಂದು ಕಿರುಚಿದೆ. ತಿರುಗಿದರು. ಎಲ್ಲರೆದುರಿಗೆ ನನ್ನ ಎರಡೂ ಭುಜ ಹಿಡಿದುಕೊಂಡು, "ಇದ್ದೀಯಾ? ಅಮ್ಮ ಅವ್ಳಾ?" ಎಂದು ಕೇಳಿ, ನೆಲದ ಮೇಲೆ ಕುಸಿದು ಕೂತುಬಿಟ್ಟರು.

ಸಿಡಿದದ್ದು ಬೇರೆ ಕಡೆ. ಅಲ್ಲಿ ಇಬ್ಬರಿಗೆ ಪೆಟ್ಟಾಗಿತ್ತು, ಜೀವಕ್ಕೆ ತೊಂದರೆಯಿರಲಿಲ್ಲ. ಇವರಿದ್ದಲ್ಲಿ ನೆಲ ನಡುಗಿ ದೂಳು ಮುಸುಕಿತ್ತು, ಅಷ್ಟೇ. ಆದರೆ ಕೇಜಿಗೆ ಗಂಟೆ ಹೊಡೆದರೆ ಬರಲಿಲ್ಲ. ಬೇರೆ ದಿನವಾದರೆ ಕಾರಣ ಎಲ್ಲರಿಗೂ ಗೊತ್ತಿರುತ್ತಿತ್ತು. ಆವತ್ತು ಯಾರೋ ಒಬ್ಬರು, "ಇದು ನಮ್ದಲ್ಲ ಕಣ್ರಲಾ. ಮ್ಯಾಲೆ ಬಿದ್ದದೆ" ಅಂದರಂತೆ. ಕೇಜು ಎಳೆಯುವವರೇ ಉಳಿದಿಲ್ಲವೆಂದು ನಂಬಿ, ಅಷ್ಟು ಹೊತ್ತೂ ಅವರೆಲ್ಲ ಕತ್ತಲಲ್ಲಿ ಕೂತು ನಮಗಾಗಿ ಅತ್ತಿದ್ದರು.

ಸಂಜೆಯ ರೇಡಿಯೋದಲ್ಲಿ ಸ್ಕೈಲ್ಯಾಬ್ ಇನ್ನೂ ಮೇಲೆಯೇ ಸುತ್ತುತ್ತಿದೆ ಎಂದರು. ಮಾರನೆಯ ಬೆಳಿಗ್ಗೆ, ಅದು ದೂರದ ಸಮುದ್ರದಲ್ಲೂ ಆಸ್ಟ್ರೇಲಿಯಾದ ಬಯಲಿನಲ್ಲೂ ಬಿತ್ತು, ಯಾರಿಗೂ ಏನೂ ಆಗಲಿಲ್ಲ ಎಂದರು. ಲೆಕ್ಕ ಸರಿಯಾಗಿಯೇ ಇತ್ತು ಅನ್ನಿ. ಲೈನಿನಲ್ಲಿ ತಮಾಷೆ ಶುರುವಾಯಿತು.

ನನ್ನ ಗಂಡ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದರು. ತಲೆಯೆತ್ತದೆ, "ನಾನು ಕೆಳಗಿಳಿದ್ರೆ ನಿಂಗೆ ದಿನಾ ಇಂಗೇ ಆಯ್ತದಾ?" ಎಂದು ಕೇಳಿದರು.

"ಹೂಂ. ದಿನಾ" ಎಂದೆ.

ಅವರು ದಾರದ ಗಂಟು ಬಿಗಿದರು. ಶಿಫ್ಟಿನ ಸೈರನ್ ಕೂಗಿತು. ಹೋಗದೆ ವಿಧಿಯಿರಲಿಲ್ಲ, ಎದ್ದು ಹೋದರು.